ಸಿದ್ದಮ್ಮತ್ತೆಯ ಇಂಜಿನ್ನು

ಮೊನ್ನೆ ನಮ್ಮ ಬೀದಿಗೆ ಜಲ್ಲಿ ಹಾಸಿ ಹಳೆಯದೊಂದು ರೋಡ್ ರೋಲರ್ ಓಡಿಸುತ್ತಿದ್ದರು. ಮುಂದಕ್ಕೆ ಹೋಗುತ್ತಿತ್ತು, ನಿಲ್ಲುತ್ತಿತ್ತು, ಒಳಗೆಲ್ಲೋ ಕಬ್ಬಿಣಕ್ಕೆ ಕಬ್ಬಿಣ ಕೂತ ಸದ್ದಾಗುತ್ತಿತ್ತು, ಆಮೇಲೆ ತಿರುಗದೆ ಹಾಗೆಯೇ ಹಿಂದಕ್ಕೆ ಬರುತ್ತಿತ್ತು. ನಿಂತದ್ದಕ್ಕೂ ಮತ್ತೆ ಹೊರಟದ್ದಕ್ಕೂ ನಡುವೆ ಒಂದು ಉಸಿರಿನಷ್ಟು ಬಿಡುವು. ಮನೆಯವರೆಲ್ಲ ಧೂಳೆಂದು ಕಿಟಕಿ ಮುಚ್ಚಿದರು. ನಾನು ಮಾತ್ರ ಜಗಲಿಗೆ ಕುರ್ಚಿ ಹಾಕಿಸಿಕೊಂಡು ಮಧ್ಯಾಹ್ನದವರೆಗೆ ಕೂತಿದ್ದೆ. ಆ ಬಿಡುವನ್ನು ಕೇಳಿ ಎಷ್ಟು ವರ್ಷಗಳಾಗಿದ್ದವೋ. ಬಿಸಿಯಾದ ಕಬ್ಬಿಣ, ಎಣ್ಣೆ, ತುಳಿದ ಮಣ್ಣು ಇವು ಮೂರೂ ಕೂಡಿದ ವಾಸನೆ ಮೂಗಿಗೆ ಬಡಿದಾಗ ಪುರವರದ ಹತ್ತಿರದ ನಮ್ಮ ಹಳ್ಳಿ, ಅಲ್ಲಿನ ತೊಟ್ಟಿಮನೆ, ಮನೆಯ ಹಿಂದಿನ ಕಪಿಲೆ ಬಾವಿ, ಕಬ್ಬಿಣದ ಸೀಟಿನ ಮೇಲೆ ಗೋಣಿಚೀಲ ಮಡಿಸಿ ಹಾಕಿಕೊಂಡು ಕತ್ತು ಹಿಂದಕ್ಕೆ ತಿರುಗಿಸಿ ಕೂತ ನಮ್ಮ ಸಿದ್ದಮ್ಮತ್ತೆ, ಎಲ್ಲವೂ ಎದ್ದು ಬಂದವು. ನಿಮಗೂ ಹೀಗೆ ಆಗುತ್ತಿರಬೇಕು. ಯಾವುದೋ ಸದ್ದು ಕೇಳಿದರೆ ಒಂದು ಇಡೀ ಮನೆ ಮೊದಲಿದ್ದ ಜಾಗದಲ್ಲೇ ನಿಂತುಬಿಡುತ್ತದೆ.

ಸಿದ್ದಮ್ಮತ್ತೆ ನನ್ನ ಅಪ್ಪನ ತಂಗಿ. ಪಾವಗಡದ ಕಡೆ, ಬಲಸಮುದ್ರದ ಹತ್ತಿರದ ಒಂದು ಹಳ್ಳಿಗೆ ಎಳೆಯ ವಯಸ್ಸಿನಲ್ಲೇ ಕೊಟ್ಟಿದ್ದರಂತೆ. ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ ಒಂದು ತಗಡಿನ ಪೆಟ್ಟಿಗೆಯನ್ನೂ ಬಾಯಿ ತುಂಬ ತೆಲುಗನ್ನೂ ಹೊತ್ತುಕೊಂಡು ತೌರಿಗೆ ಮರಳಿ ಬಂದವಳು. ಅಲ್ಲಿ ಮಾವನ ಹೊಲದಲ್ಲಿ ಕಪಿಲೆ ಹೊಡೆದು ಅಭ್ಯಾಸವಾಗಿತ್ತು. ನಮ್ಮಲ್ಲಿಗೆ ಬಂದ ಮೇಲೂ ಅದೇ ಕೆಲಸ ಹಿಡಿದಳು. ಕಪಿಲೆಯನ್ನು ಈಗಿನವರು ನೋಡಿರಲಾರರು. ಬಾವಿಯ ಬಾಯಿಯಿಂದ ಹೊಲದ ಕಡೆಗೆ ಒಂದು ಉದ್ದನೆಯ ಇಳಿಜಾರು ಇರುತ್ತದೆ. ಬಾವಿಯೊಳಗೆ ತೊಗಲಿನ ದೊಡ್ಡ ಚೀಲ, ಅದರ ಹಗ್ಗ ರಾಟೆಯ ಮೇಲಿಂದ ಬಂದು ಎತ್ತಿನ ನೊಗಕ್ಕೆ. ಎತ್ತುಗಳು ಇಳಿಜಾರಿನಲ್ಲಿ ಮುಂದಕ್ಕೆ ಇಳಿದರೆ ಚೀಲ ನೀರು ತುಂಬಿಕೊಂಡು ಮೇಲೆ ಬರುತ್ತದೆ. ನೀರು ಕಾಲುವೆಗೆ ಸುರಿದ ಮೇಲೆ ಅವೇ ಎತ್ತುಗಳು ತಿರುಗದೆ, ಹಿಂದು ಹಿಂದಕ್ಕೆ ಹೆಜ್ಜೆ ಇಟ್ಟು ಇಳಿಜಾರು ಹತ್ತಬೇಕು. ಮುಂದಕ್ಕೆ ಹೋಗುವುದನ್ನು ಯಾವ ಎತ್ತಿಗೂ ಕಲಿಸಬೇಕಾಗಿಲ್ಲ, ಹಿಂದಕ್ಕೆ ಬರಿಸುವುದೇ ವಿದ್ಯೆ. ಅತ್ತೆ ಹಗ್ಗದ ಮೇಲೆ ಕೂತು, ಬಾಲ ಮುರಿಯದೆ, ಬಾರುಕೋಲು ಎತ್ತದೆ, "ಮೆಲ್ಲಗಾ, ತಲ್ಲೀ, ಮೆಲ್ಲಗಾ" ಎಂದು, ಮೆಲ್ಲಗೆ ತಾಯೀ ಎಂದು, ತೆಲುಗಿನಲ್ಲಿ ಅವುಗಳ ಬೆನ್ನಿಗೆ ಹೇಳುತ್ತಿದ್ದಳು. ಎತ್ತುಗಳು ಅದೇನು ತಿಳಿದುಕೊಳ್ಳುತ್ತಿದ್ದವೋ, ಒಂದೊಂದೇ ಹೆಜ್ಜೆ ಹಿಂದಿಡುತ್ತಿದ್ದವು.

ಇಂಜಿನ್ನು ನಮ್ಮ ಮನೆಗೆ ಬಂದದ್ದು ನಾನು ಇನ್ನೂ ಲಂಗ ಎಳೆದುಕೊಂಡು ಓಡುತ್ತಿದ್ದ ದಿನಗಳಲ್ಲಿ. ಸಿರಾದ ಆಚೆ ಎಲ್ಲೋ ಕೆರೆ ಏರಿಯ ಕೆಲಸ ಮುಗಿಸಿದ ಕಂತ್ರಾಟುದಾರರೊಬ್ಬರು ಅದನ್ನು ಬಿಟ್ಟುಹೋಗುವವರಿದ್ದರು. ನಮ್ಮ ತಾತ ಹೋಗಿ ನೋಡಿ ಹಿಡಿದು ತಂದರು. ಟ್ರ್ಯಾಕ್ಟರ್ ಎಂಬ ಮಾತು ನಮ್ಮಲ್ಲಿ ಯಾರ ಬಾಯಿಗೂ ಹತ್ತಲಿಲ್ಲ, ಕೊನೆಯವರೆಗೂ ಅದು ಇಂಜಿನ್ನೇ. ರಬ್ಬರಿಲ್ಲದ ಕಬ್ಬಿಣದ ಗಾಲಿಗಳು, ಹಿಂದಿನ ಎರಡಕ್ಕೂ ಹಲ್ಲುಗಳು. ಪೆಟ್ರೋಲಿನಲ್ಲಿ ಹೊತ್ತಿಸಿ, ಮೈ ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ಉಳಿದ ಇಂಜಿನ್ನುಗಳಿಗಿಲ್ಲದ ಒಂದು ಗುಣ ಅದಕ್ಕಿತ್ತು. ಏರಿಯ ಮೇಲೆ ಮಣ್ಣಿನ ಟ್ರಾಲಿಗಳನ್ನು ಎಳೆಯುವುದಕ್ಕೂ ಹಿಂದಕ್ಕೆ ನೂಕುವುದಕ್ಕೂ ಮಾಡಿದ್ದಾದ್ದರಿಂದ ಗೇರಿನ ಕೋಲಲ್ಲದೆ ಬಲಗೈ ಪಕ್ಕದಲ್ಲಿ ಇನ್ನೊಂದು ಗಿಡ್ಡ ಕೋಲಿತ್ತು. ಅದನ್ನು ಮುಂದಕ್ಕೆ ದೂಡಿದರೆ ಇಂಜಿನ್ನು ಮುಂದಕ್ಕೆ, ಹಿಂದಕ್ಕೆ ಎಳೆದರೆ ಎಷ್ಟು ಸರಾಗವಾಗಿ ಮುಂದೆ ಹೋಗಿತ್ತೋ ಅಷ್ಟೇ ಸರಾಗವಾಗಿ ಹಿಂದಕ್ಕೆ. ಅದರ ಜೊತೆಯಲ್ಲೇ ಬಂದ ಸಿರಾದ ಕರೀಂ ಸಾಬರು ಆ ಕೋಲಿಗೆ 'ಸೀದಾ-ಉಲ್ಟಾ' ಎಂದು ಹೆಸರಿಟ್ಟಿದ್ದರು. ನಮ್ಮ ಮನೆಯ ಹೊರಗಿನ ಕೋಣೆಯೇ ಸಾಬರ ಮನೆಯಾಯಿತು. ಬಿಳಿ ಗಡ್ಡ, ಎಣ್ಣೆ ಹತ್ತಿದ ಬನಿಯನ್ನು, ಕಿವಿಯಲ್ಲಿ ಅತ್ತರಿನ ಹತ್ತಿ. ಇಂಜಿನ್ನಿನ ಹೊಗೆಯಲ್ಲಿ ದಿನವೆಲ್ಲ ಇದ್ದರೂ ಹತ್ತಿರ ಹೋದರೆ ಮಲ್ಲಿಗೆಯ ವಾಸನೆ ಬರುತ್ತಿದ್ದ ಮನುಷ್ಯ ಅವರೊಬ್ಬರೇ.

ಹೊಲ ಉಳುವುದರಲ್ಲಿ ಆ ಇಂಜಿನ್ನು ಅಷ್ಟೇನೂ ಹೆಸರು ಮಾಡಲಿಲ್ಲ. ಆದರೆ ಆ ಮುಂದಿನ ವರ್ಷ ದೊಡ್ಡರೋಗ ಬಂದು ಸುತ್ತಲ ಹಳ್ಳಿಗಳ ದನಗಳು ಅರ್ಧಕ್ಕರ್ಧ ಸತ್ತು ಬಿದ್ದವು. ನಮ್ಮ ಕಪಿಲೆಯ ಎತ್ತುಗಳೂ ಹೋದವು. ಅತ್ತೆ ಅವುಗಳ ಕೊರಳ ಗಂಟೆಗಳನ್ನು ಬಿಚ್ಚಿ ತನ್ನ ತಗಡಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಳು. ತೋಟದಲ್ಲಿ ರಾಗಿಯ ಪೈರು, ಈರುಳ್ಳಿ, ಮೆಣಸಿನ ಗಿಡ ನೀರಿಗೆ ಬಾಯಿಬಿಟ್ಟು ನಿಂತಿದ್ದವು. ಸಾಬರು ಎರಡು ದಿನ ಬಾವಿಯ ಸುತ್ತ ತಿರುಗಾಡಿ, ಇಳಿಜಾರನ್ನು ಅಗಲ ಮಾಡಿಸಿ, ಇಂಜಿನ್ನಿನ ಹಿಂದಿನ ಕೊಂಡಿಗೆ ಕಪಿಲೆಯ ಹಗ್ಗ ಕಟ್ಟಿಸಿದರು. ಹಿಂದಕ್ಕೆ ಬರುವಾಗ ಬಾವಿಗೆ ಬೀಳದಂತೆ ಇಳಿಜಾರಿನ ತಲೆಯಲ್ಲಿ ಅಡ್ಡಲಾಗಿ ಒಂದು ಕಲ್ಲುಗುಂಡು ಹೂಳಿಸಿದರು. ಇಂಜಿನ್ನು ಮುಂದಕ್ಕೆ ಇಳಿಯಿತು, ನೀರು ಬಂತು. ಕೋಲು ಎಳೆದರು, ಹಿಂದಕ್ಕೆ ಹತ್ತಿತು, ಚೀಲ ಬಾವಿಗಿಳಿಯಿತು. ಊರವರು ಬದುವಿನ ಮೇಲೆ ಕೂತು ನಕ್ಕರು, ಆದರೆ ಕೂತು ನೋಡಿದರು. ತಾತ ನಗಲಿಲ್ಲ, ಕಾಲುವೆಯ ನೀರಿನಲ್ಲಿ ಕಾಲು ತೊಳೆದುಕೊಂಡು, ಹಣೆಗೆ ವಿಭೂತಿ ಇಟ್ಟುಕೊಳ್ಳಲು ಮನೆಗೆ ಹೋದರು.

ಇಂಜಿನ್ನನ್ನು ಹೊತ್ತಿಸುವ ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕಕ್ಕೇ ಇಟ್ಟುಕೊಳ್ಳಬೇಕು, ಸುತ್ತಿ ಹಿಡಿದರೆ ಹ್ಯಾಂಡಲ್ ಹಿಂದಕ್ಕೆ ಒದ್ದಾಗ ಕೈ ಮುರಿಯುತ್ತದೆ ಎಂದು ಸಾಬರು ಎಲ್ಲರಿಗೂ ಹೇಳುತ್ತಿದ್ದರು. ಒಂದು ಬೆಳಗ್ಗೆ ಒದ್ದದ್ದು ಅವರಿಗೇ. ಬಿದಿರಿನ ದಬ್ಬೆ ಕಟ್ಟಿಸಿಕೊಂಡು ಬಂದು ಜಗಲಿಯ ಮೇಲೆ ಕೂತವರು, "ನಾನು ಹಳಬ ಅಂತ ಅದಕ್ಕೇನು ಗೊತ್ತು ಗೌಡ್ರೇ" ಎಂದರು. ಆಗ ಅಪ್ಪ ಇಂಜಿನ್ ಹತ್ತಿದರು. ಅಪ್ಪ ಕಸುವಿನವರು, ಆದರೆ ಅವಸರದವರು. ಇಳಿಜಾರಿನ ಕೊನೆ ಮುಟ್ಟುವ ಮೊದಲೇ, ಗಾಲಿ ಇನ್ನೂ ಉರುಳುತ್ತಿರುವಾಗಲೇ ಉಲ್ಟಾ ಕೋಲು ಎಳೆದುಬಿಡುತ್ತಿದ್ದರು. ಒಳಗಿನ ಹಲ್ಲುಗಳು ಕಿರುಚುತ್ತಿದ್ದವು, ಸಾಬರು ತಮ್ಮದೇ ಹಲ್ಲು ಕೀಳುತ್ತಿರುವಂತೆ ದವಡೆ ಹಿಡಿದುಕೊಳ್ಳುತ್ತಿದ್ದರು. ಕಾಲುವೆಯ ಬಾಯಲ್ಲಿ ನಿಂತಿದ್ದ ಅತ್ತೆ ಒಂದು ದಿನ ಮೆಲ್ಲಗೆ ಅಂದಳು:

"ಅಣ್ಣಯ್ಯ, ಎತ್ತು ನಿಲ್ದೆ ಹಿಂದಕ್ ಬತ್ತೈತಾ? ಮೊದ್ಲು ನಿಲ್ಲಕ್ ಬುಡು. ನಿಂತು ಒಂದುಸ್ರು ತಕೊಳ್ಳಿ. ಆಮ್ಯಾಕೆ ಕೇಳು."

ಸಾಬರು ದವಡೆಯಿಂದ ಕೈ ತೆಗೆದರು. "ಗೌಡ್ರೇ," ಎಂದರು ತಾತನಿಗೆ, "ನಾನು ಹೇಳ್ಬೇಕಾಗಿದ್ದನ್ನ ಬೇಟೀನೇ ಹೇಳ್ಬುಟ್ಲು. ಅವಳ್ನ ಕೂರ್ಸಿ ನೋಡಿ." ಎಲ್ಲರಿಗಿಂತ ಮೊದಲು ಅಪ್ಪನೇ ನಕ್ಕು ಸೀಟಿನಿಂದ ಇಳಿದರು. ತಾತ ಬಹಳ ಹೊತ್ತು ಪೈರಿನ ಕಡೆ ನೋಡಿದರು, ಮಗಳ ಕಡೆ ನೋಡಿದರು. ಬಳೆಯಿಲ್ಲದ ಮಗಳ ಕೈಗಳನ್ನು ಅವರು ಯಾವತ್ತೂ ನೇರವಾಗಿ ನೋಡಿದವರಲ್ಲ, ಆ ದಿನ ನೋಡಿದರು. "ಹತ್ತವ್ವ" ಎಂದರು.

ಅತ್ತೆ ಸೀರೆಯನ್ನು ಕಚ್ಚೆಯಂತೆ ಕಟ್ಟಿಕೊಂಡು ಹತ್ತಿದಳು. ಸಾಬರು ದಬ್ಬೆ ಕಟ್ಟಿದ ಕೈಯನ್ನು ಎದೆಗೊತ್ತಿಕೊಂಡು ಪಕ್ಕದಲ್ಲೇ ಹೆಜ್ಜೆ ಹಾಕುತ್ತ ಬಾಯಲ್ಲೇ ಕಲಿಸಿದರು. "ಎಡಗಾಲು ಕಿಲಚ್ಚು. ಒತ್ತೋದು ಬೇಗ, ಬಿಡೋದು ನಿಧಾನ. ಬಿಡುವಾಗ ಪಾದದಾಗೆ ಬಿಡ್ಬೇಡ ಬೇಟೀ, ಹೆಬ್ಬೆಳ್ಳಾಗೆ ಬಿಡು." ಬರಿಗಾಲಿನ ಹೆಬ್ಬೆರಳನ್ನು ಅಷ್ಟಷ್ಟೇ ಎತ್ತುತ್ತ, ಆ ಭಾರದ ಕಬ್ಬಿಣವನ್ನು ಅಂಗೈಯಗಲ ಹಿಂದಕ್ಕೆ, ಬೇಕೆಂದರೆ ಬೆರಳಗಲ ಹಿಂದಕ್ಕೆ ತರುವುದನ್ನು ಅವಳು ಕಲಿತುಕೊಂಡಳು. ಎತ್ತುಗಳಿಗೆ ಹೇಳುತ್ತಿದ್ದ ಮಾತುಗಳನ್ನೇ ಇಂಜಿನ್ನಿಗೂ ಹೇಳುತ್ತಿದ್ದಳು. ಸಾಬರು ಉರ್ದುವಿನಲ್ಲಿ, ಅತ್ತೆ ತೆಲುಗಿನಲ್ಲಿ, ತಾತ ದೂರದಿಂದ ಕನ್ನಡದಲ್ಲಿ ಅದನ್ನು ಪುಸಲಾಯಿಸುತ್ತಿದ್ದುದು ಈಗ ನೆನೆದರೆ ನಗು ಬರುತ್ತದೆ, ಕಣ್ಣೂ ಒದ್ದೆಯಾಗುತ್ತದೆ. ಮಧ್ಯಾಹ್ನ ನನ್ನನ್ನು ಮಡಿಲಲ್ಲಿ ಕೂರಿಸಿಕೊಂಡು ಸೀದಾ-ಉಲ್ಟಾ ಕೋಲಿನ ಮೇಲೆ ನನ್ನ ಕೈ, ನನ್ನ ಕೈ ಮೇಲೆ ಅವಳ ಕೈ ಇಟ್ಟು ಎಳೆಯುತ್ತಿದ್ದಳು. ಕೋಲು ನಡುಗುತ್ತಿತ್ತು, ಅವಳ ಕೈ ನಡುಗುತ್ತಿರಲಿಲ್ಲ.

ನನ್ನ ಅಮ್ಮನಿಗೆ ಇದು ಸೇರಲಿಲ್ಲ. ಅಮ್ಮ ಕೆಟ್ಟವಳೆಂದು ನೀವು ತಿಳಿಯಬಾರದು. ಕೊರಟಗೆರೆ ಕಡೆಯ, ಚನ್ನರಾಯನದುರ್ಗದ ಬೆಟ್ಟದ ಬುಡದ ಮನೆತನದ ಹೆಣ್ಣು, ಮಾವನ ಎದುರಿಗೆ ಸೆರಗು ಹೊದೆಯದೆ ನಿಂತವಳಲ್ಲ. ನೀರಿಗೆ ಹೋದಾಗ ಹೆಂಗಸರ ಮಾತು ಅವಳ ಕಿವಿಗೆ ಬೀಳುತ್ತಿತ್ತು. ಒಂದು ಸಂಜೆ ಅಡಿಗೆಮನೆಯಲ್ಲಿ ತಡೆಯಲಾರದೆ ಆಡಿಬಿಟ್ಟಳು: "ನಾಳೆ ನಾನೂ ಮಗಳಿಗೆ ಗಂಡು ಹುಡುಕ್ಬೇಕು ಸಿದ್ದಮ್ಮ. ಗಂಡ್ಸಂಗೆ ಇಂಜಿನ್ ಹತ್ತೋ ಹೆಂಗ್ಸಿರೋ ಮನೆ ಅಂದ್ರೆ ಯಾರು ಬತ್ತಾರೆ?" ಅತ್ತೆ ಮರುದಿನವೂ ಇಂಜಿನ್ ಹತ್ತಿದಳು, ಏಕೆಂದರೆ ಪೈರು ಬಾಡುತ್ತಿತ್ತು. ಆದರೆ ಅಂದಿನಿಂದ ಇಬ್ಬರ ನಡುವೆ ಮಾತು ನಿಂತಿತು. ಎಲ್ಲವೂ ನನ್ನ ಮೂಲಕ. "ಗೌರೀ, ನಿಮ್ಮತ್ತೆಗೆ ಹೇಳು, ಮುದ್ದೆ ಆರೋಗ್ತೈತೆ" ಎಂದು ಅಮ್ಮ. "ನಿಮ್ಮಮ್ಮಂಗೇಳು ಗೌರೀ, ಬಂದೆ ಅಂತ" ಎಂದು ಅತ್ತೆ. ಇಬ್ಬರೂ ಒಂದೇ ಒಲೆಯ ಎರಡು ಪಕ್ಕದಲ್ಲಿ ಕೂತಿರುತ್ತಿದ್ದರು. ಹಾಗಿದ್ದರೂ ಅತ್ತೆಯ ಮುದ್ದೆಯ ಮೇಲೆ ತುಪ್ಪ ಹಾಕುವುದನ್ನು ಅಮ್ಮ ಒಂದು ಹೊತ್ತೂ ಮರೆಯಲಿಲ್ಲ.

ಬೇಸಿಗೆಯಲ್ಲಿ ಬಾವಿಯ ನೀರು ತಳ ಕಂಡಿತು. ಹೂಳು ತೆಗೆದು ಇನ್ನಷ್ಟು ಆಳ ಮಾಡಿಸುವುದೆಂದಾಯಿತು. ಅಪ್ಪನೂ ನಮ್ಮ ಹೊಲದ ಆಳು ತಿಮ್ಮಣ್ಣನೂ ಕೆಳಗಿಳಿದು ಮಂಕರಿಗೆ ಮಣ್ಣು ಕಲ್ಲು ತುಂಬುವುದು, ಅತ್ತೆ ಇಂಜಿನ್ನಿನಿಂದ ಮೇಲೆತ್ತುವುದು. ಸಾಬರು ರಂಜಾನ್ ಹಬ್ಬಕ್ಕೆಂದು ಸಿರಾಕ್ಕೆ ಹೋಗಿದ್ದರು. ಹಿಂದಿನ ವಾರ ಬಿದ್ದ ಅಡ್ಡಮಳೆಗೆ ಬಾವಿಯ ಗೋಡೆಯ ಹಿಂದಿನ ಮಣ್ಣು ಸಡಿಲವಾದದ್ದು ಯಾರಿಗೂ ತಿಳಿಯಲಿಲ್ಲ. ಅಮ್ಮ ಬುತ್ತಿ ತಂದಿದ್ದಳು, ನಾನು ಅವಳ ಸೆರಗು ಹಿಡಿದಿದ್ದೆ. ಆಗ ಬಾವಿಯೊಳಗಿಂದ ದೊಡ್ಡದೊಂದು ಉಸಿರು ಬಿಟ್ಟಂಥ ಸದ್ದು ಬಂತು. ಧೂಳು ಎದ್ದಿತು. ಧೂಳು ಕೂತ ಮೇಲೆ ಕಂಡದ್ದು ಇಷ್ಟು: ಗೋಡೆಯ ಒಂದು ಚಪ್ಪಡಿ ಜಾರಿ ಅಪ್ಪನ ಕಾಲಿನ ಮೇಲೆ, ಮೊಣಕಾಲಿನಿಂದ ಕೆಳಗೆ ಬಿದ್ದಿತ್ತು. ಅಪ್ಪ ಅರ್ಧ ಮಲಗಿದಂತೆ ಸಿಕ್ಕಿಬಿದ್ದಿದ್ದರು. ಚಪ್ಪಡಿ ಇದ್ದ ಜಾಗದಿಂದ, ಇಷ್ಟು ದಿನ ನಾವು ಹುಡುಕಿದ ನೀರು ಗೋಡೆಯ ಉದ್ದಕ್ಕೂ ಇಳಿಯಲು ಶುರುವಾಗಿತ್ತು.

ತಿಮ್ಮಣ್ಣ ಭುಜ ಕೊಟ್ಟು ನೋಡಿದ. ಕಲ್ಲು ಅಲುಗಲಿಲ್ಲ. ಯಾರೋ ಮೇಲಿನಿಂದ, ಪುರವರಕ್ಕೆ ಹೋಗಿ ಎತ್ತು ಜನ ಕರೆತರುತ್ತೇವೆಂದು ಕೂಗಿದರು. ಅಪ್ಪ ಎದೆಯ ಹತ್ತಿರಕ್ಕೆ ಏರುತ್ತಿದ್ದ ನೀರನ್ನು ನೋಡುತ್ತ, "ಅಷ್ಟೊತ್ತು ಇಲ್ಲ ಕಣ್ಲಾ" ಎಂದರು. ದನಿ ಸಮಾಧಾನವಾಗಿತ್ತು. ಆ ಸಮಾಧಾನ ಕೇಳಿಯೇ ನನಗೆ ಭಯ ಹುಟ್ಟಿದ್ದು. ತಿಮ್ಮಣ್ಣ ಮಂಕರಿಯ ಹಗ್ಗ ಬಿಚ್ಚಿ ಚಪ್ಪಡಿಯ ಮೂಲೆಗೆ ಬಿಗಿದ. ಅತ್ತೆ ಸೀಟಿನಿಂದ ಇಳಿದೇ ಇರಲಿಲ್ಲ. ಹಗ್ಗ ಬಾವಿಯ ತಳ ಮುಟ್ಟಬೇಕೆಂದರೆ ಇಂಜಿನ್ನು ಇಳಿಜಾರಿನ ತಲೆಯಲ್ಲಿರಬೇಕು. ಹಿಂದಿನ ಗಾಲಿಗಳು ಸಾಬರ ಕಲ್ಲುಗುಂಡಿಗೆ ಹತ್ತಿರವೇ ಇದ್ದವು. ಅದರಾಚೆ ಬಾವಿ. ಅಲ್ಲಿಂದ ಅವಳಿಗೆ ತಳ ಕಾಣುವುದಿಲ್ಲ, ಇಂಜಿನ್ನಿನ ಆರ್ಭಟದಲ್ಲಿ ಕೂಗು ಕೇಳುವುದಿಲ್ಲ. ತಾತನ ಕಣ್ಣು ಆಗಲೇ ಮಂಜಾಗಿತ್ತು. ಅಮ್ಮ ನನ್ನ ಕೈಯನ್ನು ತಾತನ ಕೈಯಲ್ಲಿಟ್ಟಳು. ತಲೆಯ ಮೇಲಿನ ಸೆರಗು ತೆಗೆದು ಸೊಂಟಕ್ಕೆ ಸಿಕ್ಕಿಸಿದಳು. ಬಾವಿಯ ಅಂಚಿನಲ್ಲಿ, ಕೆಳಗೂ ಕಾಣುವಂತೆ ಅತ್ತೆಗೂ ಕಾಣುವಂತೆ ನಿಂತು, ಬಲಗೈ ಎತ್ತಿದಳು.

ಅತ್ತೆ ಕತ್ತು ತಿರುಗಿಸಿ ಆ ಕೈಯನ್ನೇ ನೋಡಿದಳು. ಅಮ್ಮ ಅಂಗೈಯನ್ನು ಮೇಲಕ್ಕೆ ಮಾಡಿ ಅಷ್ಟೇ ಅಷ್ಟು ಎತ್ತಿದಳು. ಇಂಜಿನ್ನು ಮುಂದಕ್ಕೆ ಜಗ್ಗಿತು, ಹಗ್ಗ ಬಿಗಿಯಿತು, ಚಪ್ಪಡಿ ಗೇಣುದ್ದ ಎದ್ದಿತು. ತಿಮ್ಮಣ್ಣ ಅದರ ಅಡಿಗೆ ಒಂದು ಕಲ್ಲು ತಳ್ಳಿದ. ಅಷ್ಟರಲ್ಲಿ ಚಪ್ಪಡಿ ಹಗ್ಗದಲ್ಲಿ ತಿರುಗಿ ಅಪ್ಪನ ಎದೆಯ ಕಡೆಗೆ ವಾಲಿತು. ಅಮ್ಮನ ಕೈ ಗಾಳಿಯಲ್ಲಿ ಗಕ್ಕನೆ ನಿಂತಿತು. ಇಂಜಿನ್ನೂ ನಿಂತಿತು. ಈಗ ಚಪ್ಪಡಿಯನ್ನು ಮೆಲ್ಲಗೆ ಕೆಳಗಿಳಿಸಿ ಆ ಕಲ್ಲಿನ ಮೇಲೆ ಕೂರಿಸಬೇಕು, ಆಮೇಲೆ ಹಗ್ಗ ಸಡಿಲಿಸಿ ಇನ್ನೊಂದು ಮೂಲೆಗೆ ಕಟ್ಟಬೇಕು. ಅಂದರೆ ಹಿಂದಕ್ಕೆ, ಬಾವಿಯ ಕಡೆಗೆ ಬರಬೇಕು. ಜೋರಾದರೆ ಕಲ್ಲು ಅಪ್ಪನ ಮೇಲೆ, ಇನ್ನೂ ಜೋರಾದರೆ ಇಂಜಿನ್ನೇ ಕಲ್ಲುಗುಂಡು ದಾಟಿ ಬಾವಿಯೊಳಕ್ಕೆ. ಅಮ್ಮ ಹೆಬ್ಬೆರಳನ್ನೂ ತೋರುಬೆರಳನ್ನೂ ಕೂಡಿಸಿ, ನಡುವೆ ಬತ್ತದ ಕಾಳಿನಷ್ಟು ಸಂದು ಬಿಟ್ಟು ತೋರಿಸಿದಳು. ಅತ್ತೆ ಕೋಲನ್ನು ಹಿಂದಕ್ಕೆ ಎಳೆದಳು. ಹಲ್ಲು ಹಲ್ಲಿಗೆ ಕೂತಿತು, ಕಿರುಚಲಿಲ್ಲ. ಆಮೇಲಿನ ಆ ಬಿಡುವು ನನಗೆ ಈಗಲೂ ಮುಗಿದಂತಿಲ್ಲ. ಅತ್ತೆಯ ತುಟಿ ಅಲುಗುತ್ತಿತ್ತು. ಏನೆನ್ನುತ್ತಿದ್ದಾಳೆಂದು ಕೇಳದಿದ್ದರೂ ನನಗೆ ಗೊತ್ತಿತ್ತು. ಗಾಲಿಯ ಒಂದು ಹಲ್ಲು ಮಣ್ಣಿನಿಂದ ಎದ್ದು, ಇನ್ನೊಂದು ಹಲ್ಲು ಮಣ್ಣಿಗೆ ಇಳಿಯಿತು. ಅಷ್ಟೇ. ಚಪ್ಪಡಿ ಕಲ್ಲಿನ ಮೇಲೆ ಕೂತಿತು.

ಮತ್ತೊಂದು ಹಲ್ಲಿನಷ್ಟು ಹಿಂದಕ್ಕೆ ಬಂದಾಗ ಗಾಲಿ ಕಲ್ಲುಗುಂಡಿಗೆ ಮೆಲ್ಲಗೆ ತಾಗಿತು. ಹಗ್ಗ ಸಡಿಲವಾಯಿತು. ತಿಮ್ಮಣ್ಣ ನೀರಿನೊಳಗೆ ಕೈಯಾಡಿಸಿ ಹಗ್ಗವನ್ನು ಇನ್ನೊಂದು ಮೂಲೆಗೆ ಬಿಗಿದ. ಅಮ್ಮನ ಅಂಗೈ ಮತ್ತೆ ಎದ್ದಿತು. ಈ ಸಲ ಚಪ್ಪಡಿ ನೆಟ್ಟಗೆ ಎದ್ದಿತು, ತಿಮ್ಮಣ್ಣ ಅಪ್ಪನ ಕಂಕುಳಿಗೆ ಕೈ ಹಾಕಿ ಎಳೆದುಕೊಂಡ. ಆಮೇಲೆ ಅಪ್ಪನನ್ನು ಮಂಕರಿಯಲ್ಲಿ ಕೂರಿಸಿ ಮೇಲೆತ್ತಿದ್ದೂ ಅದೇ ಇಂಜಿನ್ನು. ಅಪ್ಪನ ಕಾಲು ನೋಡುವಂತಿರಲಿಲ್ಲ, ಆದರೆ ಉಸಿರಿತ್ತು. ಜನ ಅವರನ್ನು ಹೊತ್ತು ನೆರಳಿಗೆ ತಂದರು. ಯಾರೋ ಇಂಜಿನ್ನನ್ನೂ ನಿಲ್ಲಿಸಿದರು. ಅತ್ತೆ ಮಾತ್ರ ಇಳಿಯಲಿಲ್ಲ. ಅವಳ ಎಡಗಾಲು ಕ್ಲಚ್ಚಿನ ಮೇಲೆಯೇ ಇತ್ತು, ತೆಗೆಯಲು ಅವಳಿಂದ ಆಗುತ್ತಿರಲಿಲ್ಲ. ಅಮ್ಮ ಗಂಡನನ್ನು ಒಮ್ಮೆ ಮುಟ್ಟಿ ನೋಡಿದವಳು ನೇರವಾಗಿ ಇಂಜಿನ್ನಿನ ಹತ್ತಿರ ಬಂದಳು. ಬಗ್ಗಿ, ನಾದಿನಿಯ ಪಾದವನ್ನು ಎರಡೂ ಕೈಯಲ್ಲಿ ಹಿಡಿದು, ಕಬ್ಬಿಣದಿಂದ ಬಿಡಿಸಿ ಎತ್ತಿದಳು. ಆ ಪಾದ ಅವಳ ಕೈಯಲ್ಲಿ ಬಹಳ ಹೊತ್ತು ಇತ್ತು.

"ಸಾಕು, ಇಳಿ ಸಿದ್ದಮ್ಮ," ಎಂದಳು. "ಅವ್ರು ಉಸ್ರಾಡ್ತವ್ರೆ."

"ಬುಡು ಅತ್ಗೆಮ್ಮ, ಕಾಲು ಮಣ್ಣಾಗೈತೆ," ಎಂದಳು ಅತ್ತೆ. ಆಗ ಇಬ್ಬರೂ ಅತ್ತರು.

ಸಾಬರು ಸಿರಾದಿಂದ ಖರ್ಜೂರ ಕಟ್ಟಿಕೊಂಡು ಬಂದವರು ವಿಷಯ ಕೇಳಿ, ಬಾವಿಯ ಹತ್ತಿರ ಹೋಗಿ, ಗಾಲಿ ತಾಗಿದ ಕಲ್ಲುಗುಂಡನ್ನು ಕೈಯಲ್ಲಿ ಸವರಿ ನೋಡಿದರು. ಖರ್ಜೂರವನ್ನೆಲ್ಲ ಅತ್ತೆಯ ಮಡಿಲಿಗೆ ಸುರಿದರು. ಇನ್ನು ಮೇಲೆ ತಮ್ಮ ಕೈ ವಾಸಿಯಾದರೂ ಕಪಿಲೆಯ ಮೇಲೆ ಕೂರುವವಳು ಬೇಟೀನೇ ಎಂದರು. ಹಾಗೆಯೇ ನಡೆಯಿತು. ಆ ಒಸರಿನ ನೀರು ಬಾವಿಗೆ ಹೊಸ ಜೀವ ಕೊಟ್ಟಿತು. ಮುಂದೆ ಯುದ್ಧ ಬಂತು, ಸೀಮೆಎಣ್ಣೆ ದೀಪಕ್ಕೇ ಸಿಗದಾಯಿತು. ಇಂಜಿನ್ನು ಹುಣಸೆಮರದ ಕೆಳಗೆ ನಿಂತಿತು, ಕೋಳಿಗಳು ಅದರ ಸೀಟಿನಲ್ಲಿ ಮೊಟ್ಟೆ ಇಟ್ಟವು. ಕೊಟ್ಟಿಗೆಗೆ ಹೊಸ ಎತ್ತುಗಳು ಬಂದವು. ಸಾಬರು ಮಗಳ ಮನೆಗೆಂದು ಸಿರಾಕ್ಕೆ ಮರಳಿದವರು ಒಂದು ಮಳೆಗಾಲ ಅಲ್ಲೇ ಕಣ್ಣು ಮುಚ್ಚಿದರು. ಸುದ್ದಿ ಬಂದ ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಕೊನೆಗೆ ಹಳೆಕಬ್ಬಿಣದವರು ಬಂದು ಇಂಜಿನ್ನನ್ನು ಬಿಡಿಬಿಡಿಯಾಗಿ ಬಿಚ್ಚಿ ಗಾಡಿಗಳ ಮೇಲೆ ಸಾಗಿಸಿದರು. ಅತ್ತೆ ಅವರಿಗೆಲ್ಲ ಮಜ್ಜಿಗೆ ಕೊಟ್ಟಳು, ನೋಡುವುದಕ್ಕೆ ಮಾತ್ರ ಹೊರಗೆ ಬರಲಿಲ್ಲ.

ನನ್ನ ಮದುವೆ ನಡೆದದ್ದು ಅದೇ ಅಂಗಳದಲ್ಲಿ, ಇನ್ನೂ ಮಹಾರಾಜರ ಆಳ್ವಿಕೆ ಇದ್ದಾಗಲೇ. ಗಂಡಿನ ಕಡೆಯವರು ಮಧುಗಿರಿಯವರು. ಅರಿಶಿನ ಹಚ್ಚುವ ಹೊತ್ತಿಗೆ ಮುತ್ತೈದೆಯರೆಲ್ಲ ಸುತ್ತ ಕೂತರು. ಅತ್ತೆ ರೂಢಿಯಂತೆ ಅಡಿಗೆಮನೆಯ ಬಾಗಿಲ ಹಿಂದೆ, ನನಗೆ ಕಾಣದ ಹಾಗೆ ನಿಂತಿದ್ದಳು. ಅಮ್ಮ ಅರಿಶಿನದ ಬಟ್ಟಲು ಹಿಡಿದು ಎದ್ದು ಒಳಗೆ ಹೋದಳು. ಅತ್ತೆಯ ಕೈ ಹಿಡಿದು ಎಲ್ಲರ ನಡುವೆ ಕರೆತಂದಳು. ಯಾರೋ ಹಿರಿಯಾಕೆ ಕೆಮ್ಮಿದಳು. ಗಂಡಿನ ತಾಯಿ ಹುಬ್ಬೆತ್ತಿದರು. ಮದುವೆ ಅಲ್ಲಿಗೇ ನಿಂತರೂ ನಿಲ್ಲಬಹುದಿತ್ತು. ಮಗಳಿಗೆ ಗಂಡು ಸಿಗುವುದಿಲ್ಲವೆಂದು ಹೆದರಿದ್ದ ಅದೇ ಅಮ್ಮ ಬೀಗಿತ್ತಿಯ ಮುಖವನ್ನೇ ನೋಡುತ್ತ ಹೇಳಿದಳು:

"ಇವ್ಳ ಅಪ್ಪನ್ನ ಬಾವಿಯಿಂದ ಎತ್ಕೊಟ್ಟ ಕೈ ಕಣಮ್ಮ ಇದು. ನನ್ ಹಣೆ ಮೇಲೆ ಕುಂಕುಮ ಇರೋದು ಈ ಕೈಯಿಂದ. ಮೊದ್ಲ ಅರಿಶಿನ ಇದೇ ಹಚ್ಬೇಕು."

ಬೀಗಿತ್ತಿಯೇ, ಅಂದರೆ ಮುಂದೆ ನನ್ನನ್ನು ಮಗಳಂತೆ ನೋಡಿಕೊಂಡ ನನ್ನ ಅತ್ತೆಮ್ಮ, ಪಕ್ಕಕ್ಕೆ ಸರಿದು ಸಿದ್ದಮ್ಮತ್ತೆಗೆ ಜಾಗ ಬಿಟ್ಟರು. ಒರಟು ಬೆರಳುಗಳು ನನ್ನ ಕೆನ್ನೆ ಮುಟ್ಟಿದವು. ಕಣ್ಣಲ್ಲಿ ನೀರು ತುಂಬಿ ನನ್ನ ಮುಖ ಅವಳಿಗೆ ಕಂಡಿತೋ ಇಲ್ಲವೋ.

ಈಗ ಅವರು ಯಾರೂ ಇಲ್ಲ. ತಾತ ಮೊದಲು, ಆಮೇಲೆ ಅತ್ತೆ, ಅವಳು ಹೋದ ಮರುವರ್ಷವೇ ಅಮ್ಮ. ಬಾವಿಯನ್ನು ಮುಚ್ಚಿದ್ದಾರೆ, ಇಳಿಜಾರಿದ್ದ ಜಾಗ ಸಮತಟ್ಟಾಗಿದೆ, ಮನೆಯ ಕಂಬಗಳು ಯಾರ ಯಾರದೋ ಮನೆಗಳಲ್ಲಿವೆ. ಅದಕ್ಕೆ ಅಳಬೇಕೆಂದು ನನಗೆ ಅನ್ನಿಸುವುದಿಲ್ಲ. ನನಗೆ ಸಿಕ್ಕಿದ್ದು ದೊಡ್ಡದು. ಅಪ್ಪ ಒಂದು ಕಾಲೆಳೆದು ನಡೆಯುತ್ತಲೇ ಬಹಳ ವರ್ಷ ಬದುಕಿದರು. ಹಬ್ಬಕ್ಕೆ ಕರೆಯಲು ಮಧುಗಿರಿಗೆ ಬರುತ್ತಿದ್ದರು, ಬಿಸಿಲಲ್ಲಿ ಬಂದವರು ಮೊದಲು ನೀರು ಕೇಳುತ್ತಿದ್ದರು, ನನ್ನ ಮಕ್ಕಳನ್ನು ಆ ಕುಂಟು ಕಾಲಿನ ಮೇಲೆ ಕೂರಿಸಿಕೊಂಡು ಕುದುರೆ ಆಡಿಸುತ್ತಿದ್ದರು. ನಮ್ಮ ಓರಗೆಯ ಎಷ್ಟೋ ಹುಡುಗಿಯರು ಅಪ್ಪನ ಮುಖವನ್ನು ಬೇರೆಯವರ ಮಾತಿನಲ್ಲಿ ಕೇಳಿ ತಿಳಿದವರು. ನಾನು ಅಪ್ಪನಿದ್ದ ಮಗಳಾಗಿ ಬೆಳೆದೆ.